ಇಬ್ಬರ ಸಹಿ, ಒಂದು ಶೆಡ್ಡು: ಒಂಟಾರಿಯೊದ ನಿರ್ಮಾಣ ಕಾರ್ಮಿಕ ಕಾನೂನು ಸಾಗಿಬಂದ ದಾರಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂ ಪ್ರದೇಶಾಡಳಿತದ ಇಬ್ಬರು ನೌಕರರು ಒಂದು ವಾರಾಂತ್ಯದಲ್ಲಿ ಶೆಡ್ಡು ಕಟ್ಟುತ್ತಿದ್ದರು. ಬಡಗಿಗಳ ಸಂಘದ ಸದಸ್ಯತ್ವ ಕಾರ್ಡಿಗೆ ಅವರಿಬ್ಬರೂ ಹಾಕಿದ ಸಹಿಯ ಬಲದ ಮೇಲೆ 2014ರಲ್ಲಿ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಅಲ್ಲಿಂದ ಮುಂದೆ ಪ್ರದೇಶಾಡಳಿತವು ತನ್ನ ಕಟ್ಟಡಗಳ ಬಡಗಿ ಕೆಲಸವನ್ನು ಆ ಸಂಘದೊಡನೆ ಒಪ್ಪಂದವಿರುವ ಗುತ್ತಿಗೆದಾರರಿಗಷ್ಟೇ ಕೊಡಬೇಕಾಯಿತು.

ನಮ್ಮ ಓದುಗರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ಸಂಘವನ್ನು ನೋಂದಾಯಿಸಿದ ಮಾತ್ರಕ್ಕೆ ಮಾಲೀಕರು ಅದರೊಡನೆ ಮಾತುಕತೆಗೆ ಕೂರಲೇಬೇಕೆಂದಿರಲಿಲ್ಲ. ಒಂಟಾರಿಯೊದಲ್ಲಾದರೋ ಕಾರ್ಮಿಕ ಸಂಬಂಧಗಳ ಮಂಡಳಿ ಮಾನ್ಯತೆ ಕೊಟ್ಟಿತೆಂದರೆ ಚೌಕಾಸಿ ಕಡ್ಡಾಯ.

ಈ ಕಾನೂನಿನ ಹಿಂದೆ ಸಾವಿನ ನೆರಳೂ ಇದೆ. 1960ರ ಮಾರ್ಚ್ 17ರಂದು ಟೊರೊಂಟೊದ ಹಾಗ್ಸ್ ಹಾಲೊದಲ್ಲಿ ನೀರಿನ ಕೊಳವೆಗಾಗಿ ನೆಲದಡಿ ತೋಡುತ್ತಿದ್ದ ಸುರಂಗದಲ್ಲಿ ಬೆಂಕಿ ಹತ್ತಿ ಐವರು ಇಟಾಲಿಯನ್ ವಲಸೆ ಕಾರ್ಮಿಕರು ಸತ್ತರು. ಬೆನ್ನಿಗೇ ಮನೆ ಕಟ್ಟುವ ಕಾರ್ಮಿಕರ ಮುಷ್ಕರಗಳು ನಡೆದವು. ಕಾರ್ಲ್ ಗೋಲ್ಡನ್‌ಬರ್ಗ್ ಅವರ ಆಯೋಗ 1962ರಲ್ಲಿ ಈ ಉದ್ಯಮದ ಕಾರ್ಮಿಕ ಸಂಬಂಧಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. 1970ರ ದಶಕದ ಕೊನೆಗೆ ದೊಡ್ಡ ಕಟ್ಟಡಗಳ ವಲಯದಲ್ಲಿ ಆಯಾ ಕಸುಬಿಗೆ ಪ್ರಾಂತ್ಯಕ್ಕೆಲ್ಲ ಒಂದೇ ಒಪ್ಪಂದವೆಂಬ ವ್ಯವಸ್ಥೆ ಬಂತು. ಇಬ್ಬರ ಸಹಿಗೆ ಅಷ್ಟು ಭಾರ ಬಂದದ್ದು ಇದರಿಂದಲೇ.

ಕಾರ್ಖಾನೆಯ ಕಾರ್ಮಿಕ ವರ್ಷಗಟ್ಟಲೆ ಒಂದೇ ಕಡೆ ಇರುತ್ತಾನೆ, ಕಾಮಗಾರಿಯವನು ತಾರಸಿ ಹಾಕಿದ ಮೇಲೆ ಬೇರೆ ಕಡೆಗೆ ಹೊರಟುಬಿಡುತ್ತಾನೆ. ಸಂಘ ಬೇಕೋ ಬೇಡವೋ ಎಂಬ ಮತದಾನದ ದಿನ ಬರುವಷ್ಟರಲ್ಲಿ ಮತದಾರರೇ ಇರುವುದಿಲ್ಲ. ಹಾಗಾಗಿ ಸಂಘವು ಮಾನ್ಯತೆಗೆ ಅರ್ಜಿ ಸಲ್ಲಿಸಿದ ದಿನ ಕೆಲಸದಲ್ಲಿದ್ದವರನ್ನೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬೆಳೆಯಿತು. 1995ರಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಎಲ್ಲ ಉದ್ಯಮಗಳಲ್ಲೂ ಗುಪ್ತ ಮತದಾನವನ್ನು ಕಡ್ಡಾಯ ಮಾಡಿತು. 2005ರ ತಿದ್ದುಪಡಿ ನಿರ್ಮಾಣ ಕ್ಷೇತ್ರಕ್ಕೆ ಕಾರ್ಡಿನ ದಾರಿಯನ್ನು ಮತ್ತೆ ತೆರೆಯಿತು. ಶೇ. 55ಕ್ಕಿಂತ ಹೆಚ್ಚು ಮಂದಿ ಸದಸ್ಯರಾಗಿದ್ದರೆ ಮಂಡಳಿ ಮತದಾನವಿಲ್ಲದೆಯೇ ಮಾನ್ಯತೆ ಕೊಡಬಹುದು, ಶೇ. 40ರಿಂದ 55ರ ನಡುವೆ ಇದ್ದರೆ ಮತದಾನ.

ಮಾಲೀಕರಿಗೂ ಹಕ್ಕುಗಳಿವೆ, ಗಡುವು ಮಾತ್ರ ಬಿಗಿ. ಕಾರ್ಡಿನ ದಾರಿಯ ನೋಟಿಸು ಕೈಸೇರಿದ ಎರಡು ಕೆಲಸದ ದಿನಗಳೊಳಗೆ ನೌಕರರ ಪಟ್ಟಿಯನ್ನೂ ಚೌಕಾಸಿ ಘಟಕದ (ಸಂಘವು ಯಾವ ನೌಕರರ ಪರವಾಗಿ ಮಾತುಕತೆ ನಡೆಸುತ್ತದೋ ಆ ಗುಂಪಿನ) ಬಗ್ಗೆ ತಮ್ಮ ವಾದವನ್ನೂ ಮಂಡಳಿಗೆ ಕೊಡಬೇಕು. ಬೆದರಿಕೆ, ಆಮಿಷಗಳಿಲ್ಲದೆ ತಮ್ಮ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವನ್ನು ಕಾಯ್ದೆಯೇ ಕೊಟ್ಟಿದೆ. ಆದರೆ ಶನಿವಾರ ಇಬ್ಬರು ಶೆಡ್ಡು ಕಟ್ಟಿದ್ದೇ ಸೋಮವಾರ ಗೊತ್ತಾಗುವ ಮಾಲೀಕನಿಗೆ ಆ ಸ್ವಾತಂತ್ರ್ಯದಿಂದ ಏನು ಪ್ರಯೋಜನ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು.

2019ರಲ್ಲಿ ಡಗ್ ಫೋರ್ಡ್ ಸರ್ಕಾರ ಪುರಸಭೆ, ಶಾಲಾ ಮಂಡಳಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳನ್ನು ನಿರ್ಮಾಣ ಉದ್ಯೋಗದಾತರ ವರ್ಗದಿಂದಲೇ ಹೊರಗಿಟ್ಟಿತು. ಈ ಬದಲಾವಣೆ ಬೇಡವೆನ್ನುವ ಸಂಸ್ಥೆಗಳಿಗೆ ಹಳೆಯ ಒಪ್ಪಂದಗಳಲ್ಲೇ ಉಳಿಯಲು ಅವಕಾಶವಿತ್ತು. ಟೊರೊಂಟೊ ನಗರಸಭೆ ಉಳಿಯುವುದನ್ನೇ ಆರಿಸಿಕೊಂಡಿತು.