ಬೇಡ ಅಂದರೂ ಹಾಡಿದ ಲೂಥರ್ ಕ್ಯಾಂಪ್‌ಬೆಲ್, ಕೋರ್ಟು ಕೇಳಿದ ಪ್ರಶ್ನೆ

"ಸಾರ್, ಹಳೇ ಹಾಡಿನ ಟ್ಯೂನ್ ತಗೊಂಡು ಪ್ಯಾರಡಿ ಮಾಡಿದ್ರೆ ಕೇಸ್ ಆಗಲ್ಲ ಅಲ್ವಾ?"

ಬೆಂಗಳೂರಿನಲ್ಲಿ ಕಾಪಿರೈಟ್ ಕೇಸು ನೋಡುವ ವಕೀಲನಾದ ನನಗೆ ರ‍್ಯಾಪ್ ಹಾಡುವ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು. ಪ್ಯಾರಡಿ ಅಂದರೆ ಅಣಕು ಹಾಡು. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಹಾಗಿಲ್ಲ. ಹಾಗಾಗಿ ಅಮೆರಿಕದ ಲೂಥರ್ ಕ್ಯಾಂಪ್‌ಬೆಲ್ ಅವರ ಕತೆ ಹೇಳುತ್ತೇನೆ. ಹಿಪ್ ಹಾಪ್ ಲೋಕದಲ್ಲಿ ಅವರಷ್ಟು ಕೋರ್ಟು ಮೆಟ್ಟಿಲು ಹತ್ತಿದವರು ಕಡಿಮೆ. ಅವರ ಕೇಸುಗಳಿಂದ ಉಳಿದವರಿಗೆ ಆದ ಉಪಕಾರವೂ ದೊಡ್ಡದು.

ಕ್ಯಾಂಪ್‌ಬೆಲ್ ಮಯಾಮಿಯಲ್ಲಿ ಡಿಜೆ ಆಗಿದ್ದವರು. ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಟು ಲೈವ್ ಕ್ರೂ' ತಂಡವನ್ನು ಮಯಾಮಿಗೆ ಕರೆಸಿಕೊಂಡರು, ತಾವೂ ಅದರಲ್ಲಿ ಸೇರಿಕೊಂಡರು. ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗದೆ ಸ್ವಂತ ರೆಕಾರ್ಡ್ ಕಂಪನಿ ಕಟ್ಟಿದರು. ಅದಕ್ಕೆ 'ಸ್ಟಾರ್ ವಾರ್ಸ್' ಸಿನಿಮಾದ ನಾಯಕ 'ಲ್ಯೂಕ್ ಸ್ಕೈವಾಕರ್' ಹೆಸರಿಟ್ಟು ಆ ಸಿನಿಮಾದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರಿಂದ ಕೇಸು ಹಾಕಿಸಿಕೊಂಡರು. ಕೊನೆಗೆ ಹೆಸರು ಬದಲಾಯಿಸಬೇಕಾಯಿತು.

1989ರಲ್ಲಿ 'ಆ್ಯಸ್ ನ್ಯಾಸ್ಟಿ ಆ್ಯಸ್ ದೇ ವಾನ್ನಾ ಬಿ' ಆಲ್ಬಂ ಬಂತು. ಅದರ ತುಂಬ ಲೈಂಗಿಕತೆಯ ಪೋಲಿ ಮಾತುಗಳೇ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ ನಿಕ್ ನವಾರೊ ಇದರ ಮೇಲೆ ಬಿದ್ದರು. 1990ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ಹೋಸೆ ಗೊನ್ಸಾಲೆಸ್ ಆಲ್ಬಂ ಅಶ್ಲೀಲ ಎಂದು ತೀರ್ಪು ಕೊಟ್ಟರು. ಅಮೆರಿಕದ ಫೆಡರಲ್ ಕೋರ್ಟೊಂದು ಸಂಗೀತದ ಆಲ್ಬಂ ಬಗ್ಗೆ ಹಾಗೆ ಹೇಳಿದ್ದು ಅದೇ ಮೊದಲು. ಎರಡೇ ದಿನದಲ್ಲಿ, ಆಲ್ಬಂ ಮಾರಿದ ಅಂಗಡಿಯ ಮಾಲೀಕ ಚಾರ್ಲ್ಸ್ ಫ್ರೀಮನ್ ಅವರನ್ನು ಪೊಲೀಸರು ಹಿಡಿದರು. ಅದಾದ ಮೇಲೆ ಕ್ಲಬ್ಬೊಂದರಲ್ಲಿ ಆ ಹಾಡುಗಳನ್ನು ಹಾಡಿದ ತಂಡದವರ ಮೇಲೂ ಕೇಸು ಬಿತ್ತು. ಫ್ರೀಮನ್‌ಗೆ ಶಿಕ್ಷೆಯಾಯಿತು, ಹಾಡಿದವರು ಬಿಡುಗಡೆಯಾದರು.

ಹಾಡಿದವರ ವಿಚಾರಣೆ ಹೇಗೆ ನಡೆಯಿತು ಎನ್ನುವುದನ್ನು ಸ್ವಲ್ಪ ನೋಡಬೇಕು. ಪೊಲೀಸರು ಕ್ಲಬ್ಬಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿದ ಟೇಪ್ ಎಷ್ಟು ಕೆಟ್ಟದಾಗಿತ್ತೆಂದರೆ ಪದಗಳೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಪೊಲೀಸ್ ಸಾಕ್ಷಿಗಳೇ ಕಟಕಟೆಯಲ್ಲಿ ಆ ಸಾಲುಗಳನ್ನು ಬಾಯಿಬಿಟ್ಟು ಹೇಳಬೇಕಾಯಿತು. ಕೇಳುತ್ತಾ ಕೂತ ಜ್ಯೂರಿಯವರು (ತಪ್ಪಿತಸ್ಥರೇ ಅಲ್ಲವೇ ಎಂದು ಹೇಳಲು ಆರಿಸಿದ ಸಾಮಾನ್ಯ ಜನರು) ನ್ಯಾಯಾಧೀಶರಿಗೆ ಒಂದು ಚೀಟಿ ಕಳಿಸಿದರು: ನಾವು ನಗಬಹುದಾ? ನ್ಯಾಯಾಧೀಶರು ನಗಬಹುದು ಎಂದರು. ಸಾಹಿತ್ಯದ ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ಬಂದು, ಹೀಗೆ ಅತಿ ಮಾಡಿ ಬೈದಾಡಿಕೊಂಡು ನಗಿಸುವ ರೂಢಿ ಕಪ್ಪು ಜನರಲ್ಲಿ ಹಿಂದಿನಿಂದಲೂ ಇದೆ ಎಂದು ಸಾಕ್ಷಿ ಹೇಳಿದರು.

ಗೊನ್ಸಾಲೆಸ್ ತೀರ್ಪು 1992ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು. ಏಕೆ ಬಿತ್ತು ಎನ್ನುವುದೇ ವಕೀಲರಿಗೆ ಮುಖ್ಯ. ಅಲ್ಲಿನ ಕಾನೂನಿನಲ್ಲಿ ಒಂದು ಕೃತಿ ಅಶ್ಲೀಲ ಎನ್ನಲು, ಅದರಲ್ಲಿ ಗಂಭೀರವಾದ ಕಲಾ ಮೌಲ್ಯ ಇಲ್ಲ ಎಂದೂ ತೋರಿಸಬೇಕು. ಶೆರಿಫ್ ಕೋರ್ಟಿಗೆ ಆಲ್ಬಂನ ಟೇಪ್ ಕೊಟ್ಟು ಸುಮ್ಮನಾದರು. ಕ್ಯಾಂಪ್‌ಬೆಲ್ ಕಡೆಯವರು ಪರಿಣತರನ್ನು ಕರೆಸಿದ್ದರು. ನ್ಯಾಯಾಧೀಶರು ಕ್ಯಾಸೆಟ್ ಕೇಳಿ 'ಇದರಲ್ಲಿ ಕಲೆ ಇಲ್ಲ' ಎಂದು ತಾವೇ ತೀರ್ಮಾನಿಸಿದರೆ ಸಾಲದು ಎಂದಿತು ಮೇಲಿನ ಕೋರ್ಟು.

ಹಾಗಂತ ಆ ಹಾಡುಗಳನ್ನು ನಾನು ಹೊಗಳುತ್ತಿಲ್ಲ. ಹೆಂಗಸರನ್ನು ಅವು ಕಾಣುವ ರೀತಿ ನನಗೆ ಸಹಿಸಲಾಗುವುದಿಲ್ಲ. ಕಪ್ಪು ಮಹಿಳೆಯರ ಪರವಾಗಿ ಬರೆಯುವ ಕಾನೂನು ಪ್ರೊಫೆಸರ್ ಕಿಂಬರ್ಲಿ ಕ್ರೆನ್‌ಶಾ ಆಗಲೇ ಇದನ್ನು ನೇರವಾಗಿ ಬರೆದರು. ಕಪ್ಪು ಗಾಯಕರನ್ನೇ ಆರಿಸಿ ಜೈಲಿಗೆ ಹಾಕುವುದು ತಪ್ಪು. ಇದು ನಮ್ಮ ಸಂಸ್ಕೃತಿ ಎಂದುಬಿಟ್ಟು ಹೆಂಗಸರಿಗೆ ಆಗುವ ಅವಮಾನವನ್ನು ಮುಚ್ಚಿಹಾಕುವುದೂ ತಪ್ಪು ಎಂದರು. ಈ ವಿವಾದದ ಬಗ್ಗೆ ನಾನು ಓದಿದ್ದರಲ್ಲಿ ಅದಕ್ಕಿಂತ ನ್ಯಾಯವಾದ ಮಾತು ಇಲ್ಲ.

ಈಗ ಪ್ಯಾರಡಿಗೆ ಬರೋಣ. ರಾಯ್ ಆರ್ಬಿಸನ್ ಮತ್ತು ವಿಲಿಯಂ ಡೀಸ್ 1964ರಲ್ಲಿ ಬರೆದ 'ಓ, ಪ್ರೆಟಿ ವುಮನ್' ಹಾಡಿನಲ್ಲಿ ಒಬ್ಬ ಗಂಡಸು ಬೀದಿಯಲ್ಲಿ ಹೋಗುವ ಚೆಲುವೆಯನ್ನು ನೋಡಿ ಕನಸು ಕಾಣುತ್ತಾನೆ. 1989ರ ಜುಲೈನಲ್ಲಿ ಟು ಲೈವ್ ಕ್ರೂ ಮ್ಯಾನೇಜರ್ ಆ ಹಾಡಿನ ಹಕ್ಕಿದ್ದ ಅಕಫ್-ರೋಸ್ ಕಂಪನಿಗೆ ಪತ್ರ ಬರೆದರು. ಪ್ಯಾರಡಿ ಮಾಡಿದ್ದೇವೆ, ಹೆಸರು ಹಾಕುತ್ತೇವೆ, ದುಡ್ಡೂ ಕೊಡುತ್ತೇವೆ ಎಂದರು. ಕಂಪನಿ ಆಗುವುದಿಲ್ಲ ಎಂದಿತು. ಇವರು ಹಾಡನ್ನು ಹೊರತಂದೇಬಿಟ್ಟರು. ಸುಮಾರು ಎರಡೂವರೆ ಲಕ್ಷ ಪ್ರತಿ ಮಾರಾಟವಾದ ಮೇಲೆ ಕೇಸು ಬಿತ್ತು.

ಮೊದಲ ಕೋರ್ಟಿನಲ್ಲಿ ಕ್ಯಾಂಪ್‌ಬೆಲ್ ಗೆದ್ದರು, ಮೇಲ್ಮನವಿಯಲ್ಲಿ ಸೋತರು. 1994ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಸೌಟರ್, ಒಂಬತ್ತೂ ಜನ ಒಪ್ಪಿದ್ದರು. ತೀರ್ಪಿನ ಕೊನೆಯಲ್ಲಿ ಎರಡೂ ಹಾಡುಗಳ ಸಾಹಿತ್ಯವನ್ನು ಪೂರ್ತಿ ಅಚ್ಚು ಹಾಕಿದ್ದಾರೆ. ಒಂದರ ಹಿಂದೆ ಒಂದು ಓದಿದರೆ ವಾದವೇ ಬೇಡ. ಮೊದಲ ಸಾಲು ಮತ್ತು ಶುರುವಿನ ಬೇಸ್ ಗಿಟಾರ್ ಮಾತ್ರ ಹಳೆಯದು. ಆಮೇಲೆ ಚೆಲುವೆಯ ಜಾಗದಲ್ಲಿ ಮೈತುಂಬ ಕೂದಲಿನವಳು, ಬೋಳುತಲೆಯವಳು, ಮೋಸ ಮಾಡಿದವಳು ಬರುತ್ತಾರೆ. ಬೀದಿಯ ಕೊಳಕನ್ನು ಕಾಣದ ಹಳೆಯ ಹಾಡಿನ ಮುಗ್ಧತೆಯನ್ನೇ ಇದು ಅಣಕಿಸುತ್ತಿದೆ ಎಂದು ನೋಡಬಹುದು ಎಂದಿತು ಕೋರ್ಟು.

ಅಂದರೆ ಕೋರ್ಟು ಕೇಳಿದ ಪ್ರಶ್ನೆ ಇದು: ನೀನು ಎತ್ತಿಕೊಂಡ ಹಾಡಿನ ಬಗ್ಗೆಯೇ ನಿನಗೆ ಏನಾದರೂ ಹೇಳುವುದಿದೆಯಾ? ಇದ್ದರೆ ಆ ಹಾಡಿನ ನೆನಪು ಬರುವಷ್ಟು ಭಾಗ ತೆಗೆದುಕೊಳ್ಳಲೇಬೇಕಾಗುತ್ತದೆ. ಇಲ್ಲದಿದ್ದರೆ, ಹೊಸದನ್ನು ಕಟ್ಟುವ ಕಷ್ಟ ತಪ್ಪಿಸಿಕೊಳ್ಳಲು ಇನ್ನೊಬ್ಬರದನ್ನು ಎತ್ತಿದ ಹಾಗಾಗುತ್ತದೆ. ದುಡ್ಡಿಗೆ ಮಾರಿದ ಮಾತ್ರಕ್ಕೆ ಕೇಸು ಸೋಲುವುದಿಲ್ಲ. ಅನುಮತಿ ಕೇಳಿ ಇಲ್ಲ ಅನ್ನಿಸಿಕೊಂಡಿದ್ದೂ ವಿರುದ್ಧ ಹೋಗುವುದಿಲ್ಲ.

ಕ್ಯಾಂಪ್‌ಬೆಲ್ ಪೂರ್ತಿ ಗೆದ್ದರು ಎಂದು ಬಹಳ ಜನ ಬರೆಯುತ್ತಾರೆ. ಅದು ಸರಿಯಲ್ಲ. ಬೇಸ್ ಗಿಟಾರಿನ ತುಣುಕನ್ನು ಜಾಸ್ತಿ ಬಳಸಿದ್ದಾರಾ, ಹಳೆಯ ಹಾಡಿನ ರ‍್ಯಾಪ್ ಆವೃತ್ತಿಗೆ ಇರುವ ಮಾರುಕಟ್ಟೆಗೆ ಪೆಟ್ಟು ಬಿತ್ತಾ ಎಂದು ನೋಡಲು ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರು. ಕೊನೆಗೆ ಎರಡೂ ಕಡೆಯವರು ರಾಜಿಯಾದರು.

ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಪ್ಯಾರಡಿ ಅನ್ನುವ ಪದವೇ ಇಲ್ಲ. 52ನೇ ಸೆಕ್ಷನ್ನಿನಲ್ಲಿ ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಬಹುದು ಎಂದಿದೆ. 1996ರಲ್ಲಿ ಕೇರಳ ಹೈಕೋರ್ಟು ಸಿವಿಕ್ ಚಂದ್ರನ್ ಅವರ ಪ್ರತಿನಾಟಕವನ್ನು ಕಾಪಾಡಿದ್ದು ಈ ದಾರಿಯಲ್ಲೇ. ಆ ನಾಟಕ ಮೂಲ ನಾಟಕದ ಮಾತುಗಳನ್ನು ಇಟ್ಟುಕೊಂಡೇ ಅದನ್ನು ಪ್ರಶ್ನಿಸುತ್ತಿತ್ತು. ಆದ್ದರಿಂದ ಜನಪ್ರಿಯ ಸಿನಿಮಾ ಹಾಡಿನ ಟ್ಯೂನಿಗೆ ಬೆಂಗಳೂರಿನ ಟ್ರಾಫಿಕ್ ಬಗ್ಗೆ ರ‍್ಯಾಪ್ ಬರೆದರೆ ನಾನು ಹುಷಾರು ಅನ್ನುತ್ತೇನೆ. ನಗು ಬರಬಹುದು, ಆದರೆ ಅದು ಆ ಹಾಡಿನ ವಿಮರ್ಶೆಯಲ್ಲ. ಕವರ್ ವರ್ಷನ್, ಅಂದರೆ ಅದೇ ಹಾಡನ್ನು ಮತ್ತೆ ಹಾಡಿದ್ದು, ಅಂದುಕೊಳ್ಳುವುದೂ ಕಷ್ಟ. ಕವರ್‌ಗೆ ಅವಕಾಶ ಕೊಡುವ 31ಸಿ ಸೆಕ್ಷನ್ ಸಾಹಿತ್ಯ ಬದಲಾಯಿಸಲು ಬಿಡುವುದಿಲ್ಲ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಇಷ್ಟೆಲ್ಲ ಹೋರಾಡಿದ ಕ್ಯಾಂಪ್‌ಬೆಲ್ 1995ರಲ್ಲಿ ದಿವಾಳಿಯಾದರು, ಹಾಡುಗಳ ಹಕ್ಕು ಲಿಲ್ ಜೋ ರೆಕಾರ್ಡ್ಸ್ ಎಂಬ ಕಂಪನಿಯ ಪಾಲಾಯಿತು. ಅಮೆರಿಕದ ಕಾನೂನಿನಲ್ಲಿ 35 ವರ್ಷವಾದ ಮೇಲೆ ಕಲಾವಿದರು ಕೊಟ್ಟ ಹಕ್ಕನ್ನು ವಾಪಸ್ ಕೇಳಬಹುದು. ತಂಡದವರು ಕೇಳಿದರು, ಮತ್ತೆ ಕೋರ್ಟು ಹತ್ತಿದರು. 2024ರ ಅಕ್ಟೋಬರ್‌ನಲ್ಲಿ ಮಯಾಮಿಯ ಜ್ಯೂರಿ ಅವರ ಪರ ನಿಂತಿತು. ಆ ಹೊತ್ತಿಗೆ ತಂಡದ ಫ್ರೆಶ್ ಕಿಡ್ ಐಸ್, ಬ್ರದರ್ ಮಾರ್ಕ್ವಿಸ್ ಇಬ್ಬರೂ ತೀರಿಕೊಂಡಿದ್ದರು.

ನಮ್ಮಲ್ಲಿ ಆ 35 ವರ್ಷದ ಹಕ್ಕು ಇಲ್ಲ. ಇರುವುದು ಬೇರೆ: ಹಕ್ಕು ವರ್ಗಾಯಿಸುವ ಒಪ್ಪಂದದಲ್ಲಿ ಅವಧಿ ಬರೆದಿಲ್ಲದಿದ್ದರೆ ಐದು ವರ್ಷ, ಜಾಗ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಅದಕ್ಕೇ ಕಂಪನಿಗಳ ಕರಡಿನಲ್ಲಿ 'ಶಾಶ್ವತವಾಗಿ, ಪ್ರಪಂಚದಾದ್ಯಂತ' ಎಂಬ ಸಾಲು ಇರುತ್ತದೆ. ಸಹಿ ಹಾಕುವ ಮುಂಚೆ ಆ ಸಾಲನ್ನು ಹುಡುಕಿ. ಅಲ್ಲಿ ಇಂತಿಷ್ಟೇ ವರ್ಷ ಎಂದು ಬರೆಸಲು ಕೇಳಿ. ಕೇಳಿದವರಿಗೆ ಎಷ್ಟೋ ಸಲ ಬರೆದುಕೊಟ್ಟಿದ್ದನ್ನು ನಾನು ನೋಡಿದ್ದೇನೆ.