ಉಗ್ಗಿನ ಚಿಕಿತ್ಸೆಗೆ ಮನಸ್ಸು ಮರಳಿ ಬಂದ ಬಗೆ

ಮಂಡ್ಯದಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದಾಗಲೆಲ್ಲ ಮೈಸೂರಿಗೆ ಟಿಕೆಟ್ ತೆಗೆಯುತ್ತಿದ್ದ. ‘ಶ್ರೀ’ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಕಂಡಕ್ಟರ್ ಎದುರು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಹಿಂದಿನ ಸೀಟಿನವರು ನಗುವುದರೊಳಗೆ ‘ಮೈಸೂರು’ ಎಂದುಬಿಡುತ್ತಿದ್ದ. ಹೆಚ್ಚು ದುಡ್ಡು ಕೊಟ್ಟು ನಡುದಾರಿಯಲ್ಲಿ ಇಳಿಯುವುದು ರೂಢಿಯಾಗಿತ್ತು. ಮನೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯಿತು. ಆಮೇಲೆ ವಾಕ್ ಚಿಕಿತ್ಸಕರೊಬ್ಬರ ಬಳಿ ಮೂರು ತಿಂಗಳು ಓಡಾಡಿದ. ಉಸಿರು ಬಿಡುತ್ತ ಮಾತು ಆರಂಭಿಸುವುದನ್ನು, ಅಕ್ಷರಗಳನ್ನು ಎಳೆದು ನಿಧಾನವಾಗಿ ಓದುವುದನ್ನು ಕಲಿತ. ಆ ಕೋಣೆಯಲ್ಲಿ ಇಡೀ ಪುಟವನ್ನು ಸರಾಗವಾಗಿ ಓದುತ್ತಿದ್ದವನಿಗೆ ಬಸ್ಸಿನಲ್ಲಿ ಮತ್ತೆ ಮೈಸೂರು ಟಿಕೆಟ್ಟೇ ಗತಿ. ಆ ಮೂರು ತಿಂಗಳಲ್ಲಿ ಟಿಕೆಟ್ಟಿನ ವಿಷಯವನ್ನು ಯಾರೂ ಕೇಳಿರಲಿಲ್ಲ.

ಕೇಳಬೇಕಾಗಿದ್ದವರು ವಾಕ್ ಚಿಕಿತ್ಸಕರೋ ಮನಃಶಾಸ್ತ್ರಜ್ಞರೋ ಎಂಬ ತಕರಾರು ಹಳೆಯದು. 1920ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಲೀ ಟ್ರಾವಿಸ್, ಮಿದುಳಿನ ಎರಡು ಪಾಲುಗಳ ಪೈಪೋಟಿಯೇ ಉಗ್ಗಿಗೆ ಕಾರಣವೆಂದು ನಂಬಿದ್ದರು. ಒಂದು ಪಾಲು ಮೇಲುಗೈ ಪಡೆಯಲೆಂದು ಬಲಗೈಯನ್ನು ಕಟ್ಟಿಹಾಕಿ ಎಡಗೈಯಲ್ಲಿ ಕೆಲಸ ಮಾಡಿಸಿದ್ದೂ ಉಂಟು. ಅಲ್ಲಿಯೇ ಓದಿದ, ಸ್ವತಃ ಉಗ್ಗುತ್ತಿದ್ದ ವೆಂಡೆಲ್ ಜಾನ್ಸನ್ ಇದನ್ನು ತಲೆಕೆಳಗು ಮಾಡಿದರು. ಎಳೆಯ ಮಗು ತಡವರಿಸುವುದು ಸಹಜ. ಅದಕ್ಕೆ ‘ಉಗ್ಗು’ ಎಂದು ಹೆಸರಿಟ್ಟು ಹೆತ್ತವರು ಗಾಬರಿಗೊಳ್ಳುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂದರು. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಚೆನ್ನಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೂ ‘ನೀನು ಉಗ್ಗುತ್ತೀಯೆ’ ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಕ್ರೌರ್ಯಕ್ಕೆ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಅಷ್ಟರೊಳಗೆ ಎಷ್ಟು ತಾಯಂದಿರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡು ಕೊರಗಿದರೋ.

ಮನಸ್ಸನ್ನು ಕಾರಣದ ಪೀಠದಿಂದ ಇಳಿಸಿ, ಚಿಕಿತ್ಸೆಯ ಕೆಲಸಕ್ಕೆ ಹಚ್ಚಿದವರಲ್ಲಿ ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಮುಖ್ಯರು. ಅವರೂ ಉಗ್ಗುತ್ತಿದ್ದವರೇ. ಉಗ್ಗನ್ನು ಅಡಗಿಸುವ ಬದಲು ಅದನ್ನು ನೋಡು, ಅದರ ಭಯವನ್ನು ಸವೆಸು, ಬಿಗಿಯಿಲ್ಲದೆ ಉಗ್ಗುವುದನ್ನು ಕಲಿ ಎಂಬುದು ಅವರ ಕ್ರಮ. ಮನಃಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ತೇಲುವ ಹಿಮಗಡ್ಡೆಗೆ ಹೋಲಿಸಿದರು: ಕೇಳಿಸುವುದು ಸ್ವಲ್ಪ, ನಾಚಿಕೆ, ಭಯ, ತಪ್ಪಿಸಿಕೊಳ್ಳುವಿಕೆ ಎಲ್ಲ ನೀರಿನಡಿ. ನಮಗೆ ಹಿಮಗಡ್ಡೆ ದೂರದ ಮಾತು, ಮೈಸೂರು ಟಿಕೆಟ್ಟು ಸಾಕು.

1960ರ ದಶಕದ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸತೊಡಗಿತ್ತು. ಮಾತನ್ನು ಎಳೆದು ಆಡಿಸುವುದು, ನೂರು ಅಕ್ಷರಗಳಿಗೆ ಎಷ್ಟು ತಡೆ ಎಂದು ಎಣಿಸುವುದು ಮುನ್ನೆಲೆಗೆ ಬಂದವು. ಎಣಿಕೆ ಸುಲಭ, ಭಯವನ್ನು ಎಣಿಸುವುದು ಕಷ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದ್ದು ಇದೇ ಕಾಲದಲ್ಲಿ. ಆಟೋದವರಿಗೆ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಈ ಊರಿಗೆ ಮನಃಶಾಸ್ತ್ರ ಹೊಸದಾಗಿರಲಿಲ್ಲ. ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭಿಸಿದ್ದು 1924ರಲ್ಲಿ. ಅವರೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಿತ್ತರಿಸಿದರು. ಮನಸ್ಸಿನ ಮೇಷ್ಟ್ರೇ ದನಿಯ ಹಿಂದೆ ಬಿದ್ದ ಊರಿದು.

ಸಂಸ್ಥೆಯಲ್ಲಿ ಚಿಕಿತ್ಸಾ ಮನಃಶಾಸ್ತ್ರದ ವಿಭಾಗವೂ ಇದೆ, ವಾಕ್ ಚಿಕಿತ್ಸೆಯ ವಿದ್ಯಾರ್ಥಿಗಳು ಮನಃಶಾಸ್ತ್ರ ಓದುತ್ತಾರೆ. ಆದರೆ ಪದವಿಗಳು ಎರಡು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಇಬ್ಬರ ನೋಂದಣಿಯೂ ಬೇರೆ ಬೇರೆ. ಒಂದು ದಿನದ ಕೂಲಿ ಬಿಟ್ಟು ನಾಗಮಂಗಲದ ಕಡೆಯಿಂದ ಬರುವ ತಂದೆ ಎರಡು ಬಾಗಿಲು ತಟ್ಟುವುದು ಕಷ್ಟ. ಹಾಗಾಗಿ ಮೊದಲ ಬಾಗಿಲಲ್ಲಿ ಕೂತವರಿಗೇ ಭಯದ ಜೊತೆ ಕೆಲಸ ಮಾಡುವುದು ಗೊತ್ತಿರಬೇಕು ಎಂಬುದು ನನ್ನ ಪಕ್ಷ.

ಆಸ್ಟ್ರೇಲಿಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಾದಕ್ಕೆ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಕೊಟ್ಟಿತು. ಯೋಚನೆಯ ಜಾಡನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಪಡೆದ ಉಗ್ಗುವವರಲ್ಲಿ ಜನರೆದುರಿನ ಭಯ ಇಳಿಯಿತು, ಉಗ್ಗು ಇಳಿಯಲಿಲ್ಲ. ಎರಡು ವರ್ಷದ ನಂತರ, ಉಗ್ಗಿಗೆ ಸಂಬಂಧಿಸಿದ ಜೀನ್ ರೂಪಾಂತರಗಳು ಪತ್ತೆಯಾದವು. ಉಗ್ಗು ಹುಟ್ಟುವುದು ಭಯದಿಂದಲ್ಲ, ಆದರೆ ಅದರ ಮೈಗೆ ಭಯ ಹತ್ತಿಕೊಳ್ಳುತ್ತದೆ. ಉಗ್ಗಿಗೆ ಚಿಕಿತ್ಸೆ ನೀಡುವ ಲಂಡನ್ನಿನ ಮೈಕೆಲ್ ಪೇಲಿನ್ ಕೇಂದ್ರ ವಾಕ್ ಚಿಕಿತ್ಸಕರಿಗೇ ಸಿಬಿಟಿ ಕಲಿಸುತ್ತ ಬಂದಿದೆ.

ಕಲಿಯುವುದಾದರೂ ಏನು? ಸಮಾಧಾನ ಹೇಳುವುದನ್ನಂತೂ ಅಲ್ಲ. ‘ಹೆದರಬೇಡ, ನಿಧಾನವಾಗಿ ಹೇಳು’ ಎನ್ನುವುದಕ್ಕೆ ಪದವಿ ಬೇಡ, ಸೋದರಮಾವ ಸಾಕು. ಕಂಡಕ್ಟರಿನ ಮುಂದೆ ನಿಂತಾಗ ತಲೆಯೊಳಗೆ ಓಡಿದ ವಾಕ್ಯ ಯಾವುದು ಎಂದು ಕೇಳುವುದು. ಅದು ನಿಜವೇ ಎಂದು ಬಸ್ಸಿಗೇ ಹೋಗಿ ಪರೀಕ್ಷಿಸುವುದು. ಮಾತು ತಡೆದಾಗ ಬಾಯಿ ಹಾಕದೆ ಕಾಯುವುದು. ಖಿನ್ನತೆ, ಸಾಯುವ ಮಾತು ಕಂಡರೆ ತಾನು ನಿಲ್ಲಿಸಿ ಮನೋವೈದ್ಯರಿಗೆ ಒಪ್ಪಿಸುವುದು.

ಇದಲ್ಲದೆ ವಿದ್ಯಾರ್ಥಿಗಳೇ ಪೇಟೆಗೆ ಹೋಗಿ ಬೇಕೆಂದೇ ಉಗ್ಗಿ ಬರುವ ಹಳೆಯ ಅಭ್ಯಾಸವೊಂದಿದೆ. ಈ ಲೇಖನಕ್ಕಾಗಿ ದೇವರಾಜ ಮಾರುಕಟ್ಟೆಯಲ್ಲಿ ನಾನೂ ಅದನ್ನು ಮಾಡಿ ನೋಡಿದೆ. ‘ಮ-ಮ-ಮ’ ಎನ್ನುತ್ತಲೇ ಹೂವಿನಾಕೆ ‘ಮಲ್ಲಿಗೆ ತಾನೆ?’ ಎಂದು ಮೊಳ ಹಾಕತೊಡಗಿದರು, ಪಕ್ಕದಲ್ಲಿದ್ದ ಹುಡುಗ ನನ್ನ ಬಾಯನ್ನೇ ನೋಡುತ್ತಿದ್ದ. ಮುಂದಿನ ಅಂಗಡಿಯಲ್ಲಿ ನಾನು ಬಾಯಿ ತೆರೆಯಲಿಲ್ಲ; ಸೇವಂತಿಗೆಯ ಕಡೆ ಬೆರಳು ತೋರಿಸಿದೆ.