ಪದ ಪರಿಚಯ: ಕೆರಿಬಿಯನ್ ಮಾಂಕ್ ಸೀಲ್

ಕೆರಿಬಿಯನ್ ಸಮುದ್ರ, ಮೆಕ್ಸಿಕೋ ಕೊಲ್ಲಿ ಮತ್ತು ಬಹಾಮಾಸ್ ದ್ವೀಪಗಳ ಬೆಚ್ಚಗಿನ ನೀರಿನಲ್ಲಿ ಬದುಕಿದ್ದ ಸೀಲ್ ಎಂಬ ಕಡಲ ಸಸ್ತನಿ. ವೈಜ್ಞಾನಿಕ ಹೆಸರು ನಿಯೋಮೊನಾಕಸ್ ಟ್ರಾಪಿಕಾಲಿಸ್. ದಾಖಲೆಯಿರುವ ಕಾಲದಲ್ಲಿ ಮನುಷ್ಯರಿಂದ ನಿರ್ವಂಶವಾದ ಸೀಲ್ ಪ್ರಭೇದ ಇದೊಂದೇ. ಜಪಾನಿನ ಕಡಲಸಿಂಹವೂ ಅಳಿದಿದೆ. ಆದರೆ ಅದು ಹೊರಗಿವಿಯುಳ್ಳ ಬೇರೆ ಕುಟುಂಬದ್ದು.

ಬೆಳೆದ ಪ್ರಾಣಿ 2ರಿಂದ 2.4 ಮೀಟರ್ ಉದ್ದವಿರುತ್ತಿತ್ತು. ವಿಶ್ರಾಂತಿಗೂ ಮರಿ ಹಾಕುವುದಕ್ಕೂ ಸಣ್ಣ ಮರಳು ದ್ವೀಪಗಳನ್ನೇರುತ್ತಿತ್ತು. ಅಲ್ಲಿ ಅದನ್ನು ಹಿಡಿದು ತಿನ್ನುವ ಪ್ರಾಣಿಗಳಿರಲಿಲ್ಲ, ಹಾಗಾಗಿ ಮನುಷ್ಯ ಹತ್ತಿರ ಬಂದರೂ ಓಡುತ್ತಿರಲಿಲ್ಲ. ಕೊಲ್ಲಲು ದೊಣ್ಣೆಯೇ ಸಾಕಾಗಿತ್ತು. ಹೆಣ್ಣು ಒಂದು ಬಾರಿಗೆ ಒಂದೇ ಮರಿ ಹಾಕುವುದರಿಂದ ನಷ್ಟ ತುಂಬಿಕೊಳ್ಳುವುದೂ ನಿಧಾನ.

1494ರಲ್ಲಿ ಹಿಸ್ಪನಿಯೋಲಾದ (ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಿರುವ ದ್ವೀಪ) ದಕ್ಷಿಣಕ್ಕಿರುವ ಆಲ್ಟೊ ವೆಲೊ ದ್ವೀಪದಲ್ಲಿ ಕೊಲಂಬಸ್‌ನ ನಾವಿಕರು ಮಾಂಸಕ್ಕಾಗಿ ಎಂಟು ಸೀಲ್‌ಗಳನ್ನು ಕೊಂದರು. ನಿಜವಾದ ಹೊಡೆತ ಬಿದ್ದದ್ದು ಎಣ್ಣೆಯ ವ್ಯಾಪಾರದಿಂದ. ಚರ್ಮದಡಿಯ ದಪ್ಪ ಕೊಬ್ಬನ್ನು ಕಾಯಿಸಿ ಇಳಿಸಿದ ಎಣ್ಣೆ ದೀಪಕ್ಕೆ ಹೋಗುತ್ತಿತ್ತು; 1707ರ ಹೊತ್ತಿಗೆ ಬಹಾಮಾಸ್‌ನಲ್ಲಿ ಒಂದೇ ರಾತ್ರಿ ನೂರು ಸೀಲ್ ಹಿಡಿಯುತ್ತಿದ್ದರೆಂದು ಬ್ರಿಟನ್ನಿನ ವೈದ್ಯ, ನಿಸರ್ಗತಜ್ಞ ಹ್ಯಾನ್ಸ್ ಸ್ಲೋನ್ ಬರೆದಿದ್ದಾನೆ. ಹಳೆಯ ಬರಹಗಳನ್ನು ಜಾಲಾಡಿ 2008ರಲ್ಲಿ ಪ್ರಕಟವಾದ ಅಂದಾಜಿನಂತೆ, ಮೊದಲು 13 ನೆಲೆಗಳಲ್ಲಿ 2,33,000ದಿಂದ 3,38,000 ಸೀಲ್‌ಗಳಿದ್ದವು. ಅಷ್ಟನ್ನು ಸಾಕಲು ಅಂದಿನ ಹವಳದಿಬ್ಬಗಳಲ್ಲಿ ಈಗಿನ ನಾಲ್ಕರಿಂದ ಆರು ಪಟ್ಟು ಮೀನು ಇದ್ದಿರಬೇಕು. ಅಂದರೆ ಸೀಲ್‌ಗಳ ಅಳಿವಿಗೆ ಬೇಟೆಯ ಜೊತೆಗೆ, ಅವುಗಳ ಆಹಾರ ಕಸಿದ ಅತಿ ಮೀನುಗಾರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಪರೂಪವಾದ ಮೇಲೆ ಉಳಿದವಕ್ಕೆ ವಿಜ್ಞಾನಿಗಳೇ ಕಂಟಕವಾದರು. 1886ರಲ್ಲಿ ಮೆಕ್ಸಿಕೋದ ಟ್ರಯಾಂಗಲ್ ದ್ವೀಪಗಳಿಗೆ ಹೋದ ತಂಡ ಮಾದರಿ ಸಂಗ್ರಹದ ಹೆಸರಿನಲ್ಲಿ ಕೆಲವೇ ದಿನಗಳಲ್ಲಿ 40ಕ್ಕೂ ಹೆಚ್ಚು ಸೀಲ್ ಕೊಂದಿತು. ಅದೇ ಜಾಗದಲ್ಲಿ 1911ರಲ್ಲಿ ಮೀನುಗಾರರು ಕೊಂದದ್ದು ಸುಮಾರು 200.

ಖಚಿತವಾಗಿ ಕೊನೆಯದಾಗಿ ಕಂಡದ್ದು 1952ರಲ್ಲಿ, ಜಮೈಕಾದ ನೈಋತ್ಯಕ್ಕಿರುವ ಸೆರಾನಿಲ್ಲಾ ದಿಬ್ಬದಲ್ಲಿ. ಅಮೆರಿಕ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು 1967ರಲ್ಲಿ; ಕಾಯಲು ಆಗ ಬಹುಶಃ ಒಂದೂ ಉಳಿದಿರಲಿಲ್ಲ. ನಿರ್ವಂಶವೆಂದು ಅಲ್ಲಿನ ಸರ್ಕಾರ ಘೋಷಿಸಿದ್ದು 2008ರಲ್ಲಿ.

ಇಷ್ಟು ತಡವೇಕೆ? ಕಾಣಲಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಕೊನೆಯ ಜೀವಿ ಸತ್ತಿದೆ ಎಂಬುದರಲ್ಲಿ ಸಕಾರಣ ಸಂಶಯ ಉಳಿಯಬಾರದು ಎಂಬುದು ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿ ಮಾಡುವ ಸಂಸ್ಥೆ ಐಯುಸಿಎನ್‌ನ ಅಳತೆಗೋಲು. ಹಳೆಯ ನೆಲೆಗಳನ್ನೆಲ್ಲ ಸರಿಯಾದ ಋತುವಿನಲ್ಲಿ, ಆ ಪ್ರಾಣಿಯ ಆಯುಸ್ಸಿಗೆ ತಕ್ಕಷ್ಟು ಕಾಲ ಹುಡುಕಿರಬೇಕು. 1973ರಲ್ಲಿ ವಿಮಾನದಿಂದ, 1984ರಲ್ಲಿ ಹಡಗಿನಿಂದ ಹುಡುಕಿದರೂ ಸಿಗಲಿಲ್ಲ. ನಡುವೆ ಮೀನುಗಾರರಿಂದ ‘ಸೀಲ್ ನೋಡಿದೆವು’ ಎಂಬ ಸುದ್ದಿ ಬರುತ್ತಲೇ ಇತ್ತು. ಅವರು ಸುಳ್ಳು ಹೇಳಿರಬೇಕೆಂದಿಲ್ಲ: ಉತ್ತರ ಅಟ್ಲಾಂಟಿಕ್‌ನ ಹುಡೆಡ್ ಸೀಲ್ ಎಂಬ ಬೇರೆ ಪ್ರಭೇದದವು ದಾರಿ ತಪ್ಪಿ ಕೆರಿಬಿಯನ್ನಿನ ಪೋರ್ಟೊರಿಕೊವರೆಗೂ ಬಂದದ್ದಿದೆ.